ಹಗ್ಗದ ಮೇಲೆ ನೀಲಿಕಲ್ಲು: ನಾಲ್ಕನೇ ವರ್ಷಕ್ಕೆ ಕೈ ಹಿಡಿಯಿತು

ಕಳೆದ ಏಪ್ರಿಲ್ ಕೊನೆಗೆ ಕುಮಟಾ ಮೀನುಪೇಟೆಯಲ್ಲಿ ನಮ್ಮ ಅತ್ತಿಗೆಯ ಬುಟ್ಟಿ ಬೆಳಿಗ್ಗೆ ಹತ್ತು ಗಂಟೆಯೊಳಗೆ ಖಾಲಿ. ಅದರಲ್ಲಿದ್ದದ್ದು ನೀಲಿಕಲ್ಲು, ಅಂದರೆ ಬಂಡೆಗೆ ಕಚ್ಚಿಕೊಂಡು ಬೆಳೆಯುವ, ತಿನ್ನುವ ಚಿಪ್ಪುಜೀವಿ; ನಮ್ಮಲ್ಲಿ ಬರೀ ಕಲ್ಲು ಅಂತಲೂ ಅನ್ನುತ್ತಾರೆ. ಆದರೆ ಇದು ಬಂಡೆಯಿಂದ ಕಿತ್ತದ್ದಲ್ಲ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನಾನು ಹಗ್ಗಕ್ಕೆ ಕಟ್ಟಿ ಬೆಳೆಸಿದ್ದು. "ಹಗ್ಗಕ್ಕೆ ಕಲ್ಲು ಹಿಡಿಯುತ್ತದಾ ಮಾರಾಯಾ?" ಎಂದು ಮೂರು ವರ್ಷ ಕೇಳಿದವರೇ ಈಗ ಹಗ್ಗ ಎಷ್ಟು ದಪ್ಪ ಇರಬೇಕು ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಬರೆದೆ.

ನೀರಿನಲ್ಲಿ ಬಿದಿರ ಚಪ್ಪರ ಕಟ್ಟಿ, ಬಂಡೆಯಿಂದ ಕಿತ್ತ ಎಳೆಯ ಕಲ್ಲನ್ನು (ಇದಕ್ಕೇ ಬೀಜ ಅನ್ನುವುದು) ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಇಳಿಬಿಡುವುದು. ವಿಧಾನ ನನ್ನದಲ್ಲ. ಸಿಎಂಎಫ್‌ಆರ್‌ಐನವರು (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಹೇಳಿಕೊಡುತ್ತಾರೆ, ಕೇರಳದ ಪಡನ್ನದ ಕಡೆ ಇದರಲ್ಲೇ ಸಂಸಾರ ನಡೆಸುವವರಿದ್ದಾರೆ. ನಮ್ಮ ಕೇರಿಯಲ್ಲಿ ಮಾತ್ರ ಯಾರೂ ಕೈ ಹಾಕಿರಲಿಲ್ಲ.

ಮೊದಲ ವರ್ಷ ಅವಸರ ಮಾಡಿದೆ. ಸೆಪ್ಟೆಂಬರ್ ಕೊನೆಗೇ ಮೂವತ್ತು ಹಗ್ಗ ಇಳಿಸಿದೆ. ಅಕ್ಟೋಬರ್‌ನಲ್ಲಿ ಶಿರಸಿ ಕಡೆ ಘಟ್ಟದಲ್ಲಿ ನಾಲ್ಕು ದಿನ ಮಳೆ ಹೊಡೆಯಿತು. ಈ ಹೊಳೆಗೆ ಅಣೆಕಟ್ಟೆ ಇಲ್ಲ, ಬಿದ್ದ ನೀರೆಲ್ಲ ನೇರ ಅಳಿವೆಗೆ ಬರುತ್ತದೆ. ಸಿಹಿನೀರು ಹಗುರ, ಮೇಲೇ ನಿಲ್ಲುತ್ತದೆ; ಕಲ್ಲು ಅದರಲ್ಲಿ ಬದುಕುವುದಿಲ್ಲ. ಹಗ್ಗ ಎತ್ತಿ ನೋಡಿದರೆ ಮೇಲಿನ ಎರಡಡಿ ಪೂರ್ತಿ ಬಾಯಿ ಬಿಟ್ಟು ನಾರುತ್ತಿತ್ತು, ಕೆಳಗಿನ ಒಂದಡಿ ಜೀವಂತ. ಒಂಬತ್ತು ಸಾವಿರ ಹೋಯಿತು, ಆದರೆ ಆ ಒಂದಡಿ ನನಗೆ ಪಾಠ ಹೇಳಿತು. ಈಗ ದೀಪಾವಳಿ ಕಳೆಯದೆ ಹಗ್ಗ ಇಳಿಸುವುದಿಲ್ಲ. ಕಾಳಿ ಅಳಿವೆಯಲ್ಲಿ ಮಾಡುವವರು ಮಳೆಯ ಜೊತೆ ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿಯನ್ನೂ ನೋಡಿಕೊಳ್ಳಬೇಕು.

ಎರಡನೇ ವರ್ಷ ಬಟ್ಟೆ ಕೆಡಿಸಿತು. ಬೀಜ ಸುತ್ತಲು ನೈಲಾನ್ ಸೊಳ್ಳೆಪರದೆ ತಂದಿದ್ದೆ, ಗಟ್ಟಿ ಇರುತ್ತದೆ ಅಂತ. ಗಟ್ಟಿ ಇದ್ದದ್ದೇ ತಪ್ಪಾಯಿತು. ಅದು ಕರಗಲಿಲ್ಲ, ಬೀಜವೆಲ್ಲ ಒಳಗೇ ಜಾರಿ ತಳದಲ್ಲಿ ಗಂಟಾಗಿ ಸತ್ತಿತು. ಬೇಕಾದದ್ದು ಸವೆದ ಹತ್ತಿ ಬಟ್ಟೆ. ನಾನು ಬಳಸುವುದು ಅಮ್ಮನ ಹಳೆ ಸೀರೆ, ಅಪ್ಪನ ಹಳೆ ಪಂಚೆ. ನಾಲ್ಕೈದು ದಿನಕ್ಕೆ ಬಟ್ಟೆ ಕೊಳೆಯಬೇಕು, ಅಷ್ಟರಲ್ಲಿ ಕಲ್ಲು ಹಗ್ಗ ಹಿಡಿದಿರಬೇಕು. ಐದನೇ ದಿನ ಒಂದು ಹಗ್ಗ ಎತ್ತಿ ನೋಡಿ. ಬಟ್ಟೆ ಲೋಳೆಯಾಗಿ ಬೆರಳಿಗೆ ಬರುತ್ತದೆ, ಅದರಡಿ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ ಹಸಿರು ಚಿಪ್ಪುಗಳು ಕಂದು ನಾರು ಬಿಟ್ಟು ಹಗ್ಗದ ಎಳೆಗಳನ್ನು ಕಚ್ಚಿಕೊಂಡಿರುತ್ತವೆ. ಒಂದನ್ನು ಎಳೆದರೆ ಬರುವುದಿಲ್ಲ. ಮೊದಲ ಸಲ ಅದನ್ನು ನೋಡಿದ ದಿನ ನಾನು ದೋಣಿಯಲ್ಲೇ ಕೂತು ಮನೆಗೆ ಫೋನ್ ಮಾಡಿದೆ.

ಅದು ಮೂರನೇ ವರ್ಷ. ಆ ವರ್ಷ ಇಳಿತ ಕೈ ಕೊಟ್ಟಿತು. ನೀರಿನ ಆಳ ಅಳೆದದ್ದು ಸಾಮಾನ್ಯ ದಿನದಲ್ಲಿ. ಅಮಾವಾಸ್ಯೆ ಇಳಿತಕ್ಕೆ ನೀರು ಇನ್ನೂ ಕೆಳಗಿಳಿದು ಹಗ್ಗದ ತುದಿ ಕೆಸರಿಗೆ ತಾಗಿತು. ಏಡಿಗೆ ಅದೇ ಏಣಿ! ಅರ್ಧ ಫಸಲು ತಿಂದು ಹಾಕಿದವು. ಈಗ ಅಮಾವಾಸ್ಯೆಯ ತಳ ಇಳಿತದಲ್ಲೇ ಅಳೆಯುತ್ತೇನೆ, ತುದಿ ಕೆಸರಿನಿಂದ ಎರಡಡಿ ಮೇಲಿರಬೇಕು.

ನಾಲ್ಕನೇ ವರ್ಷ ಎಂಬತ್ತು ಹಗ್ಗ. ಪ್ರತಿ ಹಗ್ಗದ ನಾಲ್ಕಡಿಗೆ ಸುಮಾರು ಎರಡು ಕೆಜಿ ಬೀಜ. ಅಡಿಗೊಂದು ಬಿದಿರ ಕಡ್ಡಿ ಅಡ್ಡ ತೂರಿಸಿದೆ. ಕಲ್ಲು ಬೆಳೆದು ಭಾರವಾದಾಗ ಗೊಂಚಲು ಜಾರುವುದಿಲ್ಲ. ಬೀಜ ಸುತ್ತಿದ ಬಟ್ಟೆಗೆ ಹೊಲಿಗೆ ಹಾಕುವ ರೀತಿಯೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ಒಂದು ದಿನ ದೋಣಿಗೆ ಬಂದವರಿಗೆ ತೋರಿಸುತ್ತೇನೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಬಿದಿರು, ಅಡಿಕೆ ಮರ ಆರು ಸಾವಿರ. ಹಗ್ಗ ಮೂರೂವರೆ. ಬೀಜ ಕೀಳುವ ಕೂಲಿ, ಎಣ್ಣೆ ಸೇರಿ ಏಳು. ಚಿಲ್ಲರೆ ಎರಡು. ಸುಮಾರು ಹದಿನೆಂಟೂವರೆ ಸಾವಿರ, ಅದರಲ್ಲಿ ಹದಿನೈದು ಹೆಂಡತಿಯ ಸಂಘದ ಸಾಲ. ಹತ್ತು ಹಗ್ಗ ಹೋದವು. ಉಳಿದವುಗಳಿಂದ ಏಳು ಕ್ವಿಂಟಾಲ್ ಬಂತು, ಕೆಜಿಗೆ ಇಪ್ಪತ್ತೈದು ಇಪ್ಪತ್ತೆಂಟು ಕಲ್ಲು. ಪೇಟೆಯಲ್ಲಿ ಎಣಿಕೆ ಲೆಕ್ಕ. ನೂರಕ್ಕೆ ನಾನೂರರಂತೆ ಎಪ್ಪತ್ತು ಸಾವಿರ ದಾಟಿತು. ಮಾರುವ ಮೊದಲು ಒಂದು ರಾತ್ರಿ ಅಳಿವೆ ಬಾಯಿಯ ತಿಳಿನೀರಿನಲ್ಲಿ ಚೀಲ ತೂಗು ಹಾಕಿದ್ದೆ, ಮರಳು ಬಿಡಲಿ ಅಂತ. "ತಮ್ಮಾ, ಮರಳಿಲ್ಲ ಅಂತ ಗಿರಾಕಿ ಹುಡುಕಿಕೊಂಡು ಬರ್ತಾರೆ" ಅಂದರು ಅತ್ತಿಗೆ. ಗೋಕರ್ಣದ ಎರಡು ಹೋಟೆಲ್ ಹಿಡಿದದ್ದೂ ಹಾಗೆಯೇ.

ನಡುವೆ ಚಪ್ಪರದ ಕೆಳಗೆ ಬಲೆಗೂಡು ಕಟ್ಟಿ ನೂರು ಕುರುಡೆ ಮೀನಿನ ಮರಿ ಬಿಟ್ಟಿದ್ದೆ. ಜನವರಿಯವರೆಗೆ ಚೆನ್ನಾಗಿ ಬೆಳೆದವು. ಒಂದು ರಾತ್ರಿ ನೀರುನಾಯಿ ಬಲೆ ಹರಿಯಿತು, ಬೆಳಿಗ್ಗೆ ಹನ್ನೊಂದು ಉಳಿದಿದ್ದವು. ಎರಡು ಪದರ ಬಲೆ ಹಾಕಿದರೆ ಆಗಬಹುದು. ಈ ವರ್ಷ ನೋಡಬೇಕು.

ಬೀಜದ ವಿಷಯ ಗಂಭೀರ. ಎಲ್ಲರೂ ಬಂಡೆ ಕೆರೆದರೆ ಮುಳುಗಿ ಕಲ್ಲು ತೆಗೆಯುವವರು ಏನು ಮಾಡಬೇಕು? ಅವರು ನನ್ನ ಮೇಲೆ ಸಿಟ್ಟಾದದ್ದು ಸರಿಯೇ. ಎರಡು ಸಂಜೆ ಕೂತು ಮಾತಾಡಿದೆವು. ಇಳಿತದಲ್ಲಿ ಬಿಸಿಲಿಗೆ ಒಣಗುವ ಮೇಲಿನ ಬಂಡೆಯ ಬೀಜ ಮಾತ್ರ ತೆಗೆಯುವುದು, ನೀರೊಳಗಿನದಕ್ಕೆ ಉಳಿ ತಾಗಿಸುವಂತಿಲ್ಲ. ಬೀಜ ಕೀಳುವ ಕೂಲಿಯೂ ಅವರಿಗೇ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಒಳ್ಳೆಯದೇ. ಆದರೆ ಬಂಡೆ ಕಾಯುವವರು ದಿನಾ ನೀರಿಗಿಳಿಯುವ ನಾವೇ ಅಲ್ವಾ?

ಈ ಸಲ ನಾಲ್ಕು ಮನೆ ಸೇರಿ ಇನ್ನೂರು ಹಗ್ಗ ಇಳಿಸುತ್ತೇವೆ. ಸೇರುವವರು ನವರಾತ್ರಿಯೊಳಗೆ ಹೇಳಿ, ಬಿದಿರು ಒಟ್ಟಿಗೆ ತರಿಸಬೇಕು. ಹಳೆ ಹತ್ತಿ ಸೀರೆ ಇದ್ದರೆ ಎಸೆಯಬೇಡಿ.