ಒಂಟಿ ಜನರ ಪ್ರೇಮಕಥೆ ಬರೆಯೋದು ಹೇಗೆ?

ದೊಡ್ಡ ಊರು, ಒಂಟಿ ಹುಡುಗ, ಒಂಟಿ ಹುಡುಗಿ, ಕಾಫಿ ಶಾಪು, ಮಳೆ. ಇಂಥ ಸಿನಿಮಾಗೆ ನಗೋಣ ಅಂತ ಹೋಗಿ ಬೇಜಾರಾಗಿ ಬಂದವರು ನಮ್ಮಲ್ಲಿ ತುಂಬಾ ಜನ. ಕಲಬುರಗಿಯಲ್ಲಿ ಶಾರ್ಟ್ ಫಿಲ್ಮ್ ಮಾಡಬೇಕು ಅಂತ ಓಡಾಡುತ್ತಿದ್ದೀರಾ? ಆ ಬೇಜಾರಿನಿಂದಲೇ ಶುರು ಮಾಡಿ.

ಹಾಗೆ ಸೋತ ಸಿನಿಮಾ ಒಂದನ್ನು ಮನೆಯಲ್ಲಿ ಇನ್ನೊಮ್ಮೆ ಹಾಕಿ. ಎಲ್ಲಿ ಕೈ ಮೊಬೈಲ್ ಕಡೆ ಹೋಯಿತೋ ಅಲ್ಲಿ ನಿಲ್ಲಿಸಿ. ತಪ್ಪು ಅದಕ್ಕಿಂತ ಎಷ್ಟೋ ಮೊದಲೇ ಆಗಿರುತ್ತದೆ. ಹೀರೋ ಒಂಟಿ ಅಂತ ಬಾಯಲ್ಲಿ ಹೇಳುತ್ತಾರೆ, ನೋಡಿದರೆ ಅವನ ಸುತ್ತ ಜೋಕ್ ಹೊಡೆಯುವ ನಾಲ್ಕು ಜನ ಗೆಳೆಯರು, ದೊಡ್ಡ ಫ್ಲ್ಯಾಟು, ಬಾಡಿಗೆಯ ಚಿಂತೆಯೇ ಇಲ್ಲ. ಅವನ ಒಂಟಿತನವೇ ಕಾಣದಿದ್ದರೆ ಅವನಿಗೆ ಹುಡುಗಿ ಸಿಗಲಿ ಅಂತ ನಮಗೆ ಯಾಕೆ ಅನಿಸಬೇಕು?

ಅದಕ್ಕೇ ಪ್ರೀತಿಗೀತಿ ಎಲ್ಲ ಆಮೇಲೆ, ಮೊದಲು ಅವನ ಒಂದು ಮಾಮೂಲಿ ದಿನ ಬರೆಯಿರಿ. ಮಂಗಳೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಕ್ಲರ್ಕ್ ಅಂದುಕೊಳ್ಳಿ. ಮೇ ತಿಂಗಳು, ಬಿಸಿಲು 42 ಡಿಗ್ರಿ, ರೂಮಿನ ಫ್ಯಾನ್ ಬಿಸಿ ಗಾಳಿಯನ್ನೇ ತಿರುಗಿಸುತ್ತಿದೆ. ರಾತ್ರಿ ಖಾನಾವಳಿಗೆ ಬರುತ್ತಾನೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ನೀರಿನ ಸ್ಟೀಲ್ ಲೋಟಕ್ಕೆ ಮೊಬೈಲ್ ಒರಗಿಸಿ ವಿಡಿಯೋ ನೋಡುತ್ತಾ ಉಣ್ಣುತ್ತಾನೆ. "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂತ ಬಡಿಸುವವರು ಕೇಳುತ್ತಾರೆ. ಇಡೀ ದಿನದಲ್ಲಿ ಕೆಲಸದ ಮಾತು ಬಿಟ್ಟು ಅವನನ್ನು ಯಾರಾದರೂ ಕೇಳಿದ್ದು ಅದೊಂದೇ. ಅಷ್ಟರಲ್ಲಿ ಅಮ್ಮನ ಫೋನು. "ಫ್ರೆಂಡ್ಸ್ ಜೊತೆ ಊಟಕ್ಕೆ ಬಂದಿದ್ದೇನಮ್ಮ" ಅನ್ನುತ್ತಾನೆ, ಗದ್ದಲ ಕೇಳಲಿ ಅಂತ ಮೊಬೈಲನ್ನು ಒಂಚೂರು ಪಕ್ಕಕ್ಕೆ ಹಿಡಿಯುತ್ತಾನೆ. ಡ್ಯೂಟಿ ಮುಗಿಸಿ ಒಂದೇ ಊಟದ ಪಾರ್ಸಲ್‌ಗೆ ಕಾಯುತ್ತಿರುವ ನರ್ಸ್ ಅದನ್ನು ನೋಡಿಬಿಡುತ್ತಾಳೆ. "ಅಮ್ಮಗ ನಮಸ್ಕಾರ ಹೇಳ್ರಿ" ಅಂತ ಮೊಬೈಲಿಗೆ ಕೇಳುವಷ್ಟು ಜೋರಾಗಿ ಕೂಗುತ್ತಾಳೆ. ನಗು ಬರಬೇಕಾದ್ದು ಇಂಥ ಕಡೆ ಅಲ್ವಾ? ಗೆಳೆಯನ ಪಾತ್ರ ತಂದು ಜೋಕ್ ಹೇಳಿಸುವುದು ಬೇಡವೇ ಬೇಡ.

ಮತ್ತೆ ಭೇಟಿಯಾಗಲು ಮಳೆ, ಡಿಕ್ಕಿ ಏನೂ ಬೇಕಾಗಿಲ್ಲ. ಇಬ್ಬರೂ ಉಣ್ಣಲೇಬೇಕು, ಖಾನಾವಳಿ ಅಲ್ಲೇ ಇದೆ. ಒಂದು ಸಂಜೆ ಕಲಬುರಗಿಯ ಅಪ್ಪನ ಕೆರೆ ದಂಡೆಗೆ ಅವರನ್ನು ಕರೆದುಕೊಂಡು ಹೋದರೆ ಸಾಕು.

ಇನ್ನು ಅಡ್ಡಿ. ಒಂದು ಫೋನ್ ಮಾಡಿದರೆ ಮುಗಿಯುವ ತಪ್ಪು ತಿಳುವಳಿಕೆಯನ್ನು ಅರ್ಧ ಸಿನಿಮಾ ಎಳೆಯುತ್ತಾರಲ್ಲ, ನನಗೆ ಅದು ನೋಡುವವರಿಗೆ ಮಾಡುವ ಅವಮಾನ ಅನಿಸುತ್ತದೆ. ನಿಜವಾದ ಅಡ್ಡಿ ನಮ್ಮ ಮನೆಯಲ್ಲೇ ಇದೆ. 12ನೇ ಶತಮಾನದಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸರ ಮಗಳಿಗೂ ಜಾತಿ ಮೀರಿ ಮದುವೆಯಾದ ಬಸವಕಲ್ಯಾಣ ಇರೋದು ಪಕ್ಕದ ಬೀದರ್ ಜಿಲ್ಲೆಯಲ್ಲೇ. ಇವತ್ತಿಗೂ ಬೇರೆ ಜಾತಿ ಅಂದರೆ ಎಷ್ಟೋ ಮನೆಗಳಲ್ಲಿ ಅಪ್ಪ ಮಗಳ ಜೊತೆ ಮಾತು ಬಿಡುತ್ತಾರೆ. ಅದನ್ನು ಬರೆಯಿರಿ. ಅಪ್ಪನನ್ನು ವಿಲನ್ ಮಾಡಬೇಡಿ, ಅವರ ಹೆದರಿಕೆಗೂ ಒಂದು ಸೀನ್ ಕೊಡಿ.

ಮಾತು ಅವರವರ ಊರಿನದೇ ಇರಲಿ. ನರ್ಸ್ ಬಾಯಲ್ಲಿ ಬೆಂಗಳೂರು ಕನ್ನಡ ಹಾಕಿದರೆ ಅವಳು ಅಲ್ಲೇ ಸತ್ತಳು.

ಸ್ಕ್ರಿಪ್ಟಿನ ಒಂದು ಪುಟ ಅಂದಾಜು ಒಂದು ನಿಮಿಷ. 15 ಪುಟ ದಾಟಿದರೆ, ಪಾತ್ರಗಳು ತಮ್ಮ ಮನಸ್ಸನ್ನು ತಾವೇ ವಿವರಿಸುವ ಸಾಲುಗಳನ್ನು ಮೊದಲು ಹೊಡೆದುಹಾಕಿ. ಬೇಸಿಗೆಯಲ್ಲಿ ಹೊರಗಿನ ಶೂಟಿಂಗ್ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಖಾನಾವಳಿಯವರನ್ನು ಕೇಳಿಕೊಂಡು ಜನ ಇಲ್ಲದ ಹೊತ್ತಲ್ಲಿ ಸೀನ್ ತೆಗೆಯಿರಿ, ಗದ್ದಲವನ್ನು ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಅಮ್ಮನ ಫೋನಿನ ಸೀನ್ ನಿಂತಿರೋದೇ ಆ ಗದ್ದಲದ ಮೇಲೆ.