‘ಮನ್ಯಾಗ ಕಲೀಲಿ ಬಿಡ್ರಿ’ ಅಂದಾಗ ನಾವು ಮಾಡಿದ್ದು

ಚಿತ್ತಾಪುರ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ವಿಕಲಚೇತನರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಜನ ವಿಆರ್‌ಡಬ್ಲ್ಯೂ ಮೇಡಂ ಅಂತಾರೆ. ನನಗೂ ಒಂದು ಕಾಲಿಗೆ ಪೋಲಿಯೊ. ಮಾಸಾಶನದ ಅರ್ಜಿ, ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಕಾರ್ಡ್, ಬಸ್ ಪಾಸ್ ಇವೇ ದಿನದ ಕೆಲಸ, ಆದರೆ ಜಗಳ ಜಾಸ್ತಿ ಆಗೋದು ಮಕ್ಕಳನ್ನು ಶಾಲೆಗೆ ಸೇರಿಸುವಾಗ.

ನಮ್ಮ ಕಡೆ ಈಗ ‘ಸೇರಿಸ್ಕೊಳ್ಳಲ್ಲ’ ಅಂತ ಯಾರೂ ಮುಖದ ಮೇಲೆ ಹೇಳಲ್ಲ. ಹೆಸರು ಹಚ್ಚಿಕೊಳ್ತಾರೆ, ಪಕ್ಕದಲ್ಲಿ ‘ಗೃಹಾಧಾರಿತ ಶಿಕ್ಷಣ’ ಅಂತ ಬರೀತಾರೆ. ಅಲ್ಲಿಗೆ ಮುಗೀತು. ಮಗು ಮನೇಲಿ, ಹೆಸರು ರಿಜಿಸ್ಟರಲ್ಲಿ. ಮನೆಗೆ ಬಂದು ಕಲಿಸಬೇಕಾದ ಬಿಐಇಆರ್‌ಟಿ (ವಿಕಲಚೇತನ ಮಕ್ಕಳಿಗೆ ಅಂತ ಇರುವ ಬ್ಲಾಕ್ ಮಟ್ಟದ) ಟೀಚರಿಗೆ ಪಾಪ ಇಡೀ ಬ್ಲಾಕ್ ಸುತ್ತೋ ಕೆಲಸ.

ಒಬ್ಬ ಹುಡುಗಿ, ಸೆರೆಬ್ರಲ್ ಪಾಲ್ಸಿ (ಸಿಪಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ವಯಸ್ಸು ಒಂಬತ್ತು. ಅವಳಮ್ಮ ತೊಗರಿ ಕೊಯ್ಯೋಕೆ ಕೂಲಿ ಹೋಗ್ತಾರೆ, ಹುಡುಗಿ ಅಜ್ಜಿ ಹತ್ತಿರ. ಹೆಡ್‌ಮಾಸ್ಟರ್ ಕೆಟ್ಟವರೇನಲ್ಲ. “ಮೇಡಂ, ಆಕಿ ಬಿದ್ದು ಗಿದ್ದು ಏನರ ಆದ್ರ ಯಾರು ಜವಾಬ್ದಾರಿ? ಮನ್ಯಾಗ ಕಲೀಲಿ ಬಿಡ್ರಿ” ಅಂದರು. ಅಮ್ಮನೂ ಹೂಂ ಅಂದುಬಿಟ್ಟಿದ್ದರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಬೇರೆ: “ಅಕ್ಕಾ, ಆಕಿಗಿ ಎಲ್ಲಾ ತಿಳೀತದ. ಸಾಲಿ ಗಂಟಿ ಹೊಡದ್ರ ಬಾಗಲ ಕಡಿ ನೋಡ್ತಾಳ.”

ಆ ಮಾತನ್ನೇ ಅರ್ಜಿಯಲ್ಲಿ ಬರೆದೆವು. ಶಿಕ್ಷಣ ಹಕ್ಕು ಕಾಯ್ದೆಗೆ (ಆರ್‌ಟಿಇ) 2012ರಲ್ಲಿ ತಿದ್ದುಪಡಿ ಆದಾಗ ತೀವ್ರ ವೈಕಲ್ಯ ಇರುವ ಮಗುವಿಗೆ ಮನೆಯಲ್ಲಿ ಕಲಿಯುವ ಹಕ್ಕನ್ನೂ ಕೊಟ್ಟರು. ಮಗುವಿನ ಹಕ್ಕು ಅದು. ಬೇಕು ಅಂತ ಮನೆಯವರು ಕೇಳಬೇಕೇ ಹೊರತು ಶಾಲೆ ತನ್ನ ಅನುಕೂಲಕ್ಕೆ ಬರೆದುಕೊಳ್ಳೋದಲ್ಲ. ‘ನಮಗೆ ಗೃಹಾಧಾರಿತ ಬೇಡ, ತರಗತಿಯಲ್ಲೇ ಕೂರಿಸಿ, ಆಗಲ್ಲ ಅಂದರೆ ಕಾರಣ ಬರೆದು ಕೊಡಿ’ ಅಂತ ಅಮ್ಮನ ಹೆಬ್ಬೆಟ್ಟು ಹಾಕಿಸಿ, ಒಂದು ಪ್ರತಿ ಶಾಲೆಗೆ, ಒಂದು ಬಿಇಒ ಕಚೇರಿಗೆ ಕೊಟ್ಟು, ನಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಂಡೆವು. ಬಾಯಲ್ಲಿ ಕಾಯ್ದೆ ಹೇಳಿದರೆ ಯಾರಿಗೂ ಬಿಸಿ ತಟ್ಟಲ್ಲ. ‘ಆಗಲ್ಲ’ ಅಂತ ಸಹಿ ಹಾಕಿ ಕೊಡೋದಕ್ಕೆ ಮಾತ್ರ ಎಲ್ಲರೂ ಹೆದರ್ತಾರೆ. ಆ ಕಾಗದ ಬರಲೇ ಇಲ್ಲ, ಬದಲಿಗೆ ಹುಡುಗಿಯನ್ನು ಕರೆದುಕೊಂಡು ಬನ್ನಿ ಅಂದರು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಅಂತ ಅದೇ ಕಾಯ್ದೆಯ 4ನೇ ಕಲಂ ಹೇಳುತ್ತೆ, ಹಾಗಾಗಿ ಒಂದನೇ ಕ್ಲಾಸಿನ ಮೂಲೆ ತಪ್ಪಿತು.

ಆಮೇಲೆ ಶುರುವಾಯ್ತು ರ‍್ಯಾಂಪಿನ ಕತೆ. ಶಾಲೆಯ ಕಟ್ಟೆ ಒಂದು ಅಡಿ ಎತ್ತರ. ಗೌಂಡಿ ಮೂರೇ ಅಡಿಯಲ್ಲಿ ಇಳಿಜಾರು ಮುಗಿಸೋಕೆ ಹೊರಟಿದ್ದ, ಅದೂ ಪಾಲಿಶ್ ಮಾಡಿದ ಶಹಾಬಾದ್ ಫರ್ಸಿ ಹಾಕಿ! ನೋಡೋಕೆ ಚೆಂದ, ಮಳೆ ಬಂದರೆ ನಾನೇ ಜಾರಿ ಬೀಳ್ತಿದ್ದೆ. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು, ಮೇಲ್ಮೈ ಒರಟಾಗಿರಬೇಕು, ಪಕ್ಕಕ್ಕೆ ಹಿಡಿಯೋಕೆ ಪೈಪು ಬೇಕು. ಪಂಚಾಯಿತಿಯಲ್ಲಿ ವಿಕಲಚೇತನರಿಗೆ ಅಂತ ತೆಗೆದಿಡುವ ಶೇ 5ರ ಹಣ ಇರುತ್ತೆ ಅಲ್ವಾ, ಅದಕ್ಕೆ ಅರ್ಜಿ ಹಾಕಿದೆವು. ಮಂಜೂರಾಗುವವರೆಗೆ ನಾನು ಪಿಡಿಒ ಅವರನ್ನು ಬಿಡಲಿಲ್ಲ.

ಕೂರುವ ಸಿಪಿ ಚೇರು ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಶಿಬಿರದಲ್ಲಿ ಅಳತೆ ಕೊಟ್ಟ ಮೇಲೆ ಬಂತು, ಉಚಿತವಾಗಿ. ವೈಕಲ್ಯ ಇರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಸ್ಟೈಪೆಂಡ್ ಕೂಡ ಇದೆ, ವರ್ಷಕ್ಕೆ ಹತ್ತು ತಿಂಗಳು. ಮಗುವಿನ ಬ್ಯಾಂಕ್ ಖಾತೆ ಮೊದಲೇ ಮಾಡಿಸಿಡಿ. ಶೌಚಾಲಯದ ಬಾಗಿಲು ಇನ್ನೂ ಕಿರಿದಾಗಿದೆ, ಚೇರು ಒಳಗೆ ಹೋಗಲ್ಲ. ಮಧ್ಯಾಹ್ನ ಅಜ್ಜಿ ಬಂದು ಎತ್ತಿಕೊಂಡು ಹೋಗ್ತಾರೆ. ಅದಕ್ಕೂ ಅರ್ಜಿ ಹೋಗಿದೆ.

ಇನ್ನೊಂದು ವಿಷಯ. 14 ತುಂಬಿದರೆ ‘ಆರ್‌ಟಿಇ ಮುಗೀತು’ ಅಂತ ವಾಪಸ್ ಕಳಿಸೋರು ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಂ ನೋಡಿ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಶಿಕ್ಷಣ ಉಚಿತ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನೋದು ನಿಮಗೆ ಬಿಟ್ಟಿದ್ದು. ಆ ಪುಟದ ಜೆರಾಕ್ಸ್ ನನ್ನ ಬ್ಯಾಗಲ್ಲಿ ಯಾವಾಗಲೂ ಇರುತ್ತೆ, ಹೈಸ್ಕೂಲಿಗೆ ಹೋಗುವಾಗ ನೀವೂ ಒಂದು ಇಟ್ಟುಕೊಳ್ಳಿ.