ಶಾಲೆಯ ಊಟ: ಧರ್ಮ ಕೇಳಬೇಡಿ, ಪದಾರ್ಥ ಕೇಳಿ

ಎರಡು ವರ್ಷದ ಹಿಂದಿನ ಮಾತು. ಮಗಳ ಶಾಲೆಯ ಕ್ಯಾಂಟೀನಿನಲ್ಲಿ ಅವತ್ತು ಪಾವ್‌ಭಾಜಿ. ಅವಳ ಪಕ್ಕದ ಹುಡುಗಿ ಬರೀ ಪಾವ್ ಮುರಿದು ನೀರಿನ ಜೊತೆ ನುಂಗುತ್ತಿದ್ದಳು. ಗೋಡೆ ಮೇಲೆ ‘ಶುದ್ಧ ಶಾಕಾಹಾರಿ’ ಎಂಬ ಬೋರ್ಡು. ಆದರೆ ಜೈನರ ಮನೆಯ ಆ ಮಗುವಿಗೆ ಭಾಜಿಯೊಳಗಿನ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಮೂರೂ ಆಗದು. ಮರುವಾರವೇ ನಾನು ಪಾಲಕರ ಊಟದ ಸಮಿತಿಗೆ ಸೇರಿದೆ. ಮುಂಬಯಿಯ ಶಾಲೆಗಳಲ್ಲಿ ಇಂಥ ಕೆಲಸಕ್ಕೆ ಇಳಿಯುವವರಿಗೆ ನಾವು ಕಲಿತದ್ದು ಇಷ್ಟು.

ಮೊದಲು ಫಾರ್ಮ್. ಅದರಲ್ಲಿ ‘ಧರ್ಮ’ ಎಂಬ ಕಾಲಂ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ತರಕಾರಿ, ಮೊಟ್ಟೆ, ಮೀನು, ಮಾಂಸ ಎಂದು ಪಟ್ಟಿ ಕೊಟ್ಟು, ಮಗು ತಿನ್ನದ್ದಕ್ಕೆ ಟಿಕ್ ಹಾಕಿಸಿ. ನಮ್ಮನೆಯನ್ನೇ ನೋಡಿ. ಅತ್ತೆ ಉಡುಪಿಯವರು. ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಮುಟ್ಟುವುದಿಲ್ಲ, ಎರಡನೇ ತಿಂಗಳು ಮೊಸರು ಇಲ್ಲ. ಮೊಮ್ಮಗಳು ಸ್ಟೇಷನ್ ಹೊರಗಿನ ವಡಾಪಾವ್ ಬಿಡುವವಳಲ್ಲ. ಅವಳ ಹೆಸರಿನ ಮುಂದೆ ‘ಮಾಧ್ವ’ ಎಂದು ಬರೆದರೆ ಅಡುಗೆಯವರಿಗೆ ಏನು ತಿಳಿದೀತು?

ಆಮೇಲೆ ಕ್ಯಾಲೆಂಡರ್. ಶ್ರಾವಣ, ಏಕಾದಶಿ, ಜೈನರ ಪರ್ಯುಷಣ ಪರ್ವ, ರಂಜಾನ್, ಕ್ರೈಸ್ತರ ತಪಸ್ಸುಕಾಲದ ಶುಕ್ರವಾರಗಳನ್ನು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಹಳೇ ತಾರೀಖು ನಂಬಬೇಡಿ. ರೋಜಾ ಇರುವ ಮಗುವನ್ನು ಊಟದ ಹೊತ್ತಿಗೆ ಸುಮ್ನೆ ಕ್ಯಾಂಟೀನಿನಲ್ಲಿ ಕೂರಿಸಬೇಡಿ, ಲೈಬ್ರರಿ ತೆರೆದಿಡಿ.

ನಿಜವಾದ ಕೆಲಸ ಒಲೆಯ ಮುಂದೆ. ನಮ್ಮ ಕ್ಯಾಂಟೀನಿನ ಭಟ್ರು ಕುಂದಾಪುರದವರು. “ಬಟಾಟೆ ಇಲ್ದೆ ಭಾಜಿಗೆ ಹದ ಎಲ್ಲಿ ಬರುತ್ತೆ ಅಕ್ಕ?” ಎಂದರು. ಬಾಳೆಕಾಯಿ ತಂದುಕೊಟ್ಟೆ. ಈ ಊರಿನ ಜೈನ್ ಪಾವ್‌ಭಾಜಿಯ ಗುಟ್ಟೇ ಅದು. ಸಿಪ್ಪೆ ಸಮೇತ ಬೇಯಿಸಿ, ಸುಲಿದು, ಬಿಸಿ ಇರುವಾಗಲೇ ಹಿಸುಕಬೇಕು. ಆರಿದರೆ ಗಂಟು ಗಂಟು. ಅದಕ್ಕೆ ಟೊಮೆಟೊ, ಬಟಾಣಿ, ದೊಣ್ಣೆಮೆಣಸಿನಕಾಯಿ, ಬೆಣ್ಣೆ. ಮಸಾಲೆ ಪೊಟ್ಟಣದ ಹಿಂಬದಿ ಓದಿ, ಕೆಲವದರಲ್ಲಿ ಬೆಳ್ಳುಳ್ಳಿ ಪುಡಿ ಇರುತ್ತದೆ.

ದಿನಾ ಎರಡೆರಡು ಅಡುಗೆ ಬೇಕಿಲ್ಲ. ಹುಳಿಯನ್ನೋ, ಕಾಳಿನ ಪಲ್ಯದಂಥ ಉಸಲ್ಲನ್ನೋ ಸಪ್ಪೆಯಾಗಿ ಬೇಯಿಸಿ, ಬೇಕಾದಷ್ಟು ಚಿಕ್ಕ ಪಾತ್ರೆಗೆ ಮೊದಲೇ ತೆಗೆದು ಇಂಗಿನ ಒಗ್ಗರಣೆ ಹಾಕಿ. ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆ ಕೊನೆಗೆ, ದೊಡ್ಡ ಪಾತ್ರೆಗೆ. ಚಿಕ್ಕ ಪಾತ್ರೆಯ ಸೌಟಿಗೆ ಕೆಂಪು ದಾರ ಕಟ್ಟಿ. ಇಲ್ಲದಿದ್ದರೆ ಬಡಿಸುವ ಗಡಿಬಿಡಿಯಲ್ಲಿ ಅದೇ ಸೌಟು ಎರಡಕ್ಕೂ ಇಳಿಯುತ್ತದೆ. ಮೊಟ್ಟೆ ಕರಿದ ಎಣ್ಣೆಯಲ್ಲಿ ಬಟಾಟೆವಡೆ ಬಿಡಬೇಡಿ. ಕೌಂಟರ್ ಮಾತ್ರ ಎಲ್ಲರಿಗೂ ಒಂದೇ ಇರಲಿ, ಬೇರೆ ಮೇಜು ಹಾಕಿದಿರೋ ಮಕ್ಕಳು ಅಡ್ಡಹೆಸರು ಇಟ್ಟುಬಿಡುತ್ತಾರೆ.

ಪೊಟ್ಟಣದ ತಿಂಡಿಯಲ್ಲಿ ಹಸಿರು ಚುಕ್ಕಿಯೋ ಕಂದು ತ್ರಿಕೋನವೋ ನೋಡಿ. ಹುಟ್ಟುಹಬ್ಬಕ್ಕೆ ಹಂಚುವ ಮಾರ್ಷ್‌ಮೆಲೋದಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರಬಹುದು. ಹಂದಿಯದಾದರೆ ಮುಸ್ಲಿಂ ಮಕ್ಕಳಿಗೂ ಆಗದು.

ಇನ್ನು ಮೊಟ್ಟೆ. ಸರಕಾರಿ ಶಾಲೆಗಳಲ್ಲಿ ವಾರಕ್ಕೊಂದು ಮೊಟ್ಟೆ ಎಂದು ಮಹಾರಾಷ್ಟ್ರ 2023ರಲ್ಲಿ ಹೇಳಿದಾಗ, ತಿನ್ನದವರಿಗೆ ಬಾಳೆಹಣ್ಣು ಎಂದಿತ್ತು. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು. ಕಡಲೆ ಉಸಲ್ ಅಥವಾ ಶೇಂಗಾ ಚಿಕ್ಕಿ ಕೊಡಿ. ಶೇಂಗಾ ಮಣ್ಣೊಳಗೆ ಬೆಳೆದರೂ ಸಾಮಾನ್ಯವಾಗಿ ಜೈನರಿಗೆ ನಡೆಯುತ್ತದೆ, ಅದು ಗೆಡ್ಡೆಯಲ್ಲ ಅಲ್ವಾ. ಶೇಂಗಾ ಅಲರ್ಜಿ ಇರುವ ಮಕ್ಕಳನ್ನು ಮಾತ್ರ ಫಾರ್ಮಿನಲ್ಲೇ ಕೇಳಿಟ್ಟುಕೊಳ್ಳಿ.

ಮೊದಲ ತಿಂಗಳು ಎಂಜಲು ಬಕೆಟ್ ಇಣುಕಿ ನೋಡಿ. ಯಾವ ಮಗುವಿಗೆ ಏನು ಹಿಡಿಸಲಿಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಈಗ ಕೆಂಪು ದಾರದ ಪಾತ್ರೆಗೇ ಸಾಲು ಜಾಸ್ತಿ. ಭಟ್ರು ಪಾವ್‌ಭಾಜಿ ದಿನ ಬಾಳೆಕಾಯಿ ಎರಡು ಡಜನ್ ಹೆಚ್ಚಿಗೆ ತರಿಸುತ್ತಾರೆ.